ಶಾಖದ ಲೆಕ್ಕಿಗ ಜೋಸೆಫ್ ಫೂರಿಯೆ

ನಾವು ವಿಜ್ಞಾನ ಓದಿದವರಲ್ಲ. ಬಿ.ಕಾಂ. ಪರೀಕ್ಷೆ ಮುಗಿಸಿ, ಹೊಟ್ಟೆಪಾಡಿಗಾಗಿ ಊರು ಬಿಟ್ಟು, ಈ ಮುಂಬಯಿ ಮಹಾನಗರದ ಒಂದು ಬ್ಯಾಂಕಿನಲ್ಲಿ ಜಮಾಖರ್ಚು ನೋಡಿಕೊಂಡಿರುವ ಗುಮಾಸ್ತರು. ಹೀಗಿರಲು, ರಾಜ್ಯೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ಫ್ರೆಂಚ್ ಗಣಿತಜ್ಞನ ಚರಿತ್ರೆಯನ್ನು ಬರೆಯಹೊರಟಿದ್ದೇಕೆಂದು ವಾಚಕ ಬಾಂಧವರು ಕೇಳಬಹುದು. ಅದಕ್ಕೆ ಕಾರಣ ನಮ್ಮ ಮನೆಯ ದೋಸೆಯ ಕಾವಲಿ.

ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಯವರು ಕಾವಲಿ ಕಾದಿದೆಯೇ ಎಂದು ನೋಡಲು ಅದರ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದರು. ಅಂದು ಉರಿ ಹೆಚ್ಚಾಗಿದ್ದಿರಬೇಕು. ಹನಿಗಳು ಚುಂಯ್ ಎಂದು ಆರಿಹೋಗುವ ಬದಲು ಮುತ್ತಿನಂತೆ ಉರುಟಾಗಿ ಕಾವಲಿಯ ತುಂಬ ಓಡಾಡತೊಡಗಿದವು. ಹೆಚ್ಚು ಕಾದರೆ ನೀರು ಬೇಗ ಆರಬೇಕಲ್ಲವೆ, ತಡವಾಗುವುದೇಕೆ ಎಂದು ನಮ್ಮ ಎಂಟು ವರ್ಷದ ಮಗಳು ಕೇಳಿದಳು. ನಮಗೆ ಉತ್ತರ ಹೊಳೆಯಲಿಲ್ಲ. ನಮ್ಮೊಡನಿದ್ದು ಇಂಜಿನಿಯರಿಂಗ್ ಓದುತ್ತಿರುವ ತಮ್ಮನು ತನ್ನ ದಪ್ಪನೆಯ ಪಠ್ಯಪುಸ್ತಕವನ್ನು ತಂದು ನಮ್ಮ ಮುಂದಿಟ್ಟನು. ಕಾದ ವಸ್ತುವಿಗೂ ಅದರ ಮೇಲೆ ಹರಿಯುವ ತಣ್ಣನೆಯ ದ್ರವಕ್ಕೂ ನಡುವೆ ಕ್ಷಣಕ್ಷಣಕ್ಕೆ ನಡೆಯುವ ಶಾಖದ ವ್ಯವಹಾರವೇ ಅದರ ವಿಷಯ. ಪುಟ ತಿರುವಿದಲ್ಲೆಲ್ಲ ಫೂರಿಯೆ ಎಂಬ ಹೆಸರು ಕಂಡಿತು. ಕಾಲೇಜಿನ ಹುಡುಗರು ಅದನ್ನೇ ಫೋರಿಯರ್ ಎನ್ನುತ್ತಾರೆ. ಈ ಮಹಾಶಯನು ಯಾರೆಂದು ತಿಳಿಯುವ ಕುತೂಹಲದಿಂದ ಆತನ ಜೀವನವನ್ನು ಹುಡುಕಿ ಓದಿದೆವು. ಓದಿ ಮುಗಿಸಿದಾಗ ಕಾವಲಿಯ ಉತ್ತರವೂ ಸಿಕ್ಕಿತು. ಅದಕ್ಕಿಂತ ಹೆಚ್ಚಾಗಿ, ನಮಗೇ ನಾಚಿಕೆಯಾಗುವಂತಹ ಒಂದು ಪಾಠವೂ ಸಿಕ್ಕಿತು.

ಜೋಸೆಫ್ ಫೂರಿಯೆ 1768ರ ಮಾರ್ಚ್ 21ರಂದು ಫ್ರಾನ್ಸಿನ ಬರ್ಗಂಡಿ ಪ್ರಾಂತದ ಓಸೇರ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ದರ್ಜಿ. ಮನೆಯ ತುಂಬ ಮಕ್ಕಳು. ತಾಯಿ ಹೆತ್ತ ಹನ್ನೆರಡು ಮಕ್ಕಳಲ್ಲಿ ಈತನು ಒಂಬತ್ತನೆಯವನು. ಒಂಬತ್ತನೆಯ ವಯಸ್ಸಿನಲ್ಲಿ ತಾಯಿ ತೀರಿಕೊಂಡಳು. ಮರುವರ್ಷವೇ ತಂದೆಯೂ ಹೋದನು. ದಿಕ್ಕಿಲ್ಲದ ಈ ಬಾಲಕನು ಊರಿನವರ ಕೃಪೆಯಿಂದ, ಬೆನೆಡಿಕ್ಟಿನ್ ಪಂಥದ ಸಂನ್ಯಾಸಿಗಳು ನಡೆಸುತ್ತಿದ್ದ ಸೈನಿಕ ಶಾಲೆಯನ್ನು ಸೇರಿದನು. ಹದಿಮೂರು ವರ್ಷವಾಗುವ ಹೊತ್ತಿಗೆ ಗಣಿತದ ಹುಚ್ಚು ಹಿಡಿಯಿತು. ಹಗಲೆಲ್ಲ ಕೂಡಿಟ್ಟುಕೊಂಡ ಮೇಣದ ಬತ್ತಿಯ ತುಂಡುಗಳನ್ನು, ಉಳಿದ ಹುಡುಗರು ಮಲಗಿದ ಮೇಲೆ ಹೊತ್ತಿಸಿಕೊಂಡು ಓದುತ್ತಿದ್ದನೆಂದು ಚರಿತ್ರಕಾರರು ಹೇಳುತ್ತಾರೆ. ಬೆಜೂ ಎಂಬಾತನ ಗಣಿತ ಪಾಠಗಳ ಆರು ಸಂಪುಟಗಳನ್ನು ಹದಿನಾಲ್ಕನೆಯ ವಯಸ್ಸಿಗೇ ಮುಗಿಸಿದ್ದನು.

ಫಿರಂಗಿದಳವನ್ನು ಸೇರಿ ಅಧಿಕಾರಿಯಾಗಬೇಕೆಂಬುದು ಆತನ ಆಸೆ. ಆದರೆ ಅಂದಿನ ಫ್ರಾನ್ಸಿನಲ್ಲಿ ಅದಕ್ಕೆ ವಿದ್ಯೆ ಸಾಲದು, ಕುಲವೂ ಬೇಕಾಗಿದ್ದಿತು. ಕುಲೀನನಲ್ಲದವನು ನ್ಯೂಟನ್ನನಿಗೆ ಸಮನಾಗಿದ್ದರೂ ಪ್ರವೇಶವಿಲ್ಲವೆಂಬ ಅರ್ಥದ ಉತ್ತರ ಬಂದಿತೆಂದು ಪ್ರತೀತಿ. ಬೇರೆ ದಾರಿ ಕಾಣದೆ 1787ರಲ್ಲಿ ಲೋಯರ್ ನದಿಯ ದಡದ ಒಂದು ಮಠವನ್ನು ಸೇರಿ ಪಾದ್ರಿಯಾಗಲು ಹೊರಟನು. ಮನಸ್ಸು ಮಾತ್ರ ಗಣಿತದಲ್ಲಿಯೇ ಇದ್ದಿತು. 1789ರಲ್ಲಿ ದೀಕ್ಷೆ ತೆಗೆದುಕೊಳ್ಳದೆಯೇ ಮಠ ಬಿಟ್ಟು, ತಾನು ಓದಿದ ಶಾಲೆಯಲ್ಲಿಯೇ ಉಪಾಧ್ಯಾಯನಾದನು.

ಆ ವರ್ಷವೇ ಫ್ರಾನ್ಸಿನ ಮಹಾಕ್ರಾಂತಿ ಸಿಡಿಯಿತು. ಬಡವನ ಮಗನಾದ ಫೂರಿಯೆಗೆ ಸಮಾನತೆಯ ಕನಸು ಹಿತವಾಗಿಯೇ ಕಂಡಿತು. 1793ರಲ್ಲಿ ಊರಿನ ಕ್ರಾಂತಿ ಸಮಿತಿಯನ್ನು ಸೇರಿದನು. ಆದರೆ ಕ್ರಾಂತಿಯು ತನ್ನ ಮಕ್ಕಳನ್ನೇ ನುಂಗತೊಡಗಿದಾಗ ಬಿಟ್ಟುಬರಲು ಯತ್ನಿಸಿದನು, ಸಾಧ್ಯವಾಗಲಿಲ್ಲ. ಓರ್ಲಿಯನ್ಸ್ ಪಟ್ಟಣದಲ್ಲಿ ಆಪಾದಿತರ ಪರವಾಗಿ ಮಾತನಾಡಿದ್ದು ಅಧಿಕಾರಸ್ಥರ ಕಣ್ಣು ಕೆಂಪಾಗಿಸಿತು. 1794ರ ಜುಲೈಯಲ್ಲಿ ಆತನನ್ನು ಸೆರೆಮನೆಗೆ ತಳ್ಳಿದರು. ತಲೆ ಉಳಿಯುವ ಭರವಸೆ ಇರಲಿಲ್ಲ. ಅದೃಷ್ಟವಶಾತ್ ಆ ತಿಂಗಳ ಕೊನೆಯಲ್ಲಿ ರೋಬೆಸ್ಪಿಯೇರನೇ ಶಿರಚ್ಛೇದಕ್ಕೆ ಗುರಿಯಾದುದರಿಂದ ಫೂರಿಯೆ ಬದುಕಿಕೊಂಡನು.

ಅಲ್ಲಿಂದ ಅವನ ದೆಸೆ ತಿರುಗಿತು. ಉಪಾಧ್ಯಾಯರನ್ನು ತಯಾರಿಸಲೆಂದು ಪ್ಯಾರಿಸಿನಲ್ಲಿ ತೆರೆದ ಹೊಸ ಶಾಲೆಗೆ ವಿದ್ಯಾರ್ಥಿಯಾಗಿ ಹೋಗಿ, ಲಗ್ರಾಂಜ್, ಲಪ್ಲಾಸ್, ಮೋಂಜ್ ಎಂಬ ಮೂವರು ಗಣಿತ ದಿಗ್ಗಜಗಳ ಪಾಠ ಕೇಳಿದನು. 1795ರಲ್ಲಿ ಪ್ರಸಿದ್ಧ ಪಾಲಿಟೆಕ್ನಿಕ್ ಶಾಲೆಯಲ್ಲಿ ಅಧ್ಯಾಪಕನಾದನು. 1797ರಲ್ಲಿ ಲಗ್ರಾಂಜನ ಪೀಠವೇ ಆತನಿಗೆ ದೊರೆಯಿತು. ಆಗ ವಯಸ್ಸು ಇಪ್ಪತ್ತೊಂಬತ್ತು. ಇನ್ನು ಪ್ಯಾರಿಸಿನಲ್ಲಿ ನೆಲೆನಿಂತು ಗಣಿತದಲ್ಲಿ ಮುಳುಗುವುದೊಂದೇ ಉಳಿದಿತ್ತು. ವಿಧಿ ಒಪ್ಪಲಿಲ್ಲ.

1798ರಲ್ಲಿ ನೆಪೋಲಿಯನ್ ಈಜಿಪ್ಟಿನ ಮೇಲೆ ದಂಡೆತ್ತಿ ಹೋದಾಗ ಸೈನ್ಯದ ಜೊತೆಗೆ ವಿದ್ವಾಂಸರ ದೊಡ್ಡ ತಂಡವನ್ನೂ ಕರೆದೊಯ್ದನು. ಅವರಲ್ಲಿ ಫೂರಿಯೆಯೂ ಒಬ್ಬ. ಕೈರೋ ನಗರದಲ್ಲಿ ಸ್ಥಾಪಿಸಿದ ವಿದ್ಯಾಸಂಸ್ಥೆಗೆ ಆತನೇ ಖಾಯಂ ಕಾರ್ಯದರ್ಶಿ. ನಮ್ಮ ಕಡೆಯ ಸಂಘಗಳಂತೆ ಅಲ್ಲಿಯೂ ಕಾರ್ಯದರ್ಶಿಯ ಮೇಲೆಯೇ ಎಲ್ಲ ಹೊರೆ ಬಿದ್ದಿರಬೇಕು. ವಿದ್ಯೆಯ ಕೆಲಸದ ಜೊತೆಗೆ ಆಡಳಿತದ ಕೆಲಸವನ್ನೂ ಆತನು ಅಲ್ಲಿ ನಿರ್ವಹಿಸಿದನು. ಮರಳುಗಾಡಿನ ಬಿಸಿಲು ಆತನ ಮೈಗೆ ಎಷ್ಟು ಒಗ್ಗಿತೆಂದರೆ, ಮುಂದೆ ಜೀವಮಾನವೆಲ್ಲ ಚಳಿಗೆ ಹೆದರಿ ದಪ್ಪ ಉಡುಪುಗಳನ್ನು ಹೊದ್ದು ಕಾವೇರಿದ ಕೋಣೆಗಳಲ್ಲಿಯೇ ಕೂರುವ ಅಭ್ಯಾಸವಾಯಿತು ಎನ್ನುತ್ತಾರೆ.

1801ರಲ್ಲಿ ತಾಯ್ನಾಡಿಗೆ ಮರಳಿದ ಫೂರಿಯೆ ತನ್ನ ಅಧ್ಯಾಪಕ ವೃತ್ತಿಗೆ ಹಿಂದಿರುಗಲು ಹಂಬಲಿಸುತ್ತಿದ್ದನು. ಆದರೆ ಆಡಳಿತದಲ್ಲಿ ಆತನ ದಕ್ಷತೆಯನ್ನು ಕಂಡಿದ್ದ ನೆಪೋಲಿಯನ್ 1802ರಲ್ಲಿ ಆತನನ್ನು ಈಜೇರ್ ಜಿಲ್ಲೆಯ ಮುಖ್ಯಾಧಿಕಾರಿಯನ್ನಾಗಿ, ಎಂದರೆ ನಮ್ಮ ಜಿಲ್ಲಾಧಿಕಾರಿಗಳಂತಹ ಹುದ್ದೆಗೆ, ನೇಮಿಸಿದನು. ಮುಖ್ಯ ಪಟ್ಟಣ ಗ್ರೆನೋಬ್ಲ್. ಆಲ್ಪ್ಸ್ ಪರ್ವತಗಳ ಮಡಿಲಿನ ಚಳಿಯ ಊರು. ಪ್ಯಾರಿಸಿನ ಪಂಡಿತರ ಸಹವಾಸದಿಂದ ಬಹುದೂರ. ಹೋಗಲು ಮನಸ್ಸಿಲ್ಲ, ಹೋಗೆನೆನ್ನುವ ಸ್ವಾತಂತ್ರ್ಯವೂ ಇಲ್ಲ. ವರ್ಗಾವಣೆಯ ಆಜ್ಞೆಯನ್ನು ಕೈಯಲ್ಲಿ ಹಿಡಿದು ರೈಲು ಹತ್ತಿದ ನಮ್ಮಂತಹವರಿಗೆ ಆ ದಿನದ ಆತನ ಮನಸ್ಥಿತಿಯನ್ನು ವಿವರಿಸಬೇಕಾಗಿಲ್ಲ.

ಹೋದ ಮೇಲೆ ಮಾತ್ರ ಆತನು ಕೆಲಸದಲ್ಲಿ ಕಳ್ಳತನ ಮಾಡಲಿಲ್ಲ. ಬೂರ್ಗ್ವಾಂ ಎಂಬಲ್ಲಿ ಜ್ವರದ ತವರಾಗಿದ್ದ ವಿಶಾಲವಾದ ಜೌಗುಪ್ರದೇಶವಿದ್ದಿತು. ಸುತ್ತಲಿನ ಹತ್ತಾರು ಗ್ರಾಮಗಳು ಒಮ್ಮತಕ್ಕೆ ಬಾರದೆ ಅದು ಹಾಗೆಯೇ ಕೊಳೆಯುತ್ತಿದ್ದಿತು. ಫೂರಿಯೆ ಒಂದೊಂದು ಗ್ರಾಮದವರೊಡನೆಯೂ ತಾಳ್ಮೆಯಿಂದ ಮಾತನಾಡಿ, ಒಪ್ಪಿಸಿ, ನೀರು ಬಸಿಯಿಸಿ, ಅದನ್ನು ಸಾಗುವಳಿಯ ನೆಲವನ್ನಾಗಿ ಮಾಡಿಸಿದನು. ಗ್ರೆನೋಬ್ಲಿನಿಂದ ಇಟಲಿಯ ಟ್ಯೂರಿನ್ ಕಡೆಗೆ ಬೆಟ್ಟಗಳ ನಡುವೆ ಹೊಸ ರಸ್ತೆಯ ಕೆಲಸ ನಡೆಸಿದನು. ಈಜಿಪ್ಟಿನ ವರ್ಣನೆಯ ಬೃಹತ್ ಗ್ರಂಥಮಾಲೆಗೆ ಮುನ್ನುಡಿಯನ್ನೂ ಬರೆದನು. ಇಷ್ಟೆಲ್ಲ ಆದ ಮೇಲೆ ಉಳಿದ ಹೊತ್ತಿನಲ್ಲಿ, ತನಗೆ ಪ್ರಿಯವಾದ ಪ್ರಶ್ನೆಯೊಂದನ್ನು ಕೈಗೆತ್ತಿಕೊಂಡನು. ಕಾದ ವಸ್ತು ಹೇಗೆ ಆರುತ್ತದೆ?

ಈ ಪ್ರಶ್ನೆ ಮೇಲ್ನೋಟಕ್ಕೆ ಅಡಿಗೆಮನೆಯ ಪ್ರಶ್ನೆಯಂತೆ ಕಾಣುತ್ತದೆ. ಇದಕ್ಕೆ ಸುಮಾರು ನೂರು ವರ್ಷ ಮೊದಲೇ, 1701ರಲ್ಲಿ, ನ್ಯೂಟನ್ ಒಂದು ಉತ್ತರ ಕೊಟ್ಟಿದ್ದನು. ಕಾದ ಕಬ್ಬಿಣವನ್ನು ಒಂದೇ ಸಮನೆ ಬೀಸುವ ಗಾಳಿಯಲ್ಲಿಟ್ಟರೆ, ಸುತ್ತಲಿನದಕ್ಕಿಂತ ಅದು ಎಷ್ಟು ಹೆಚ್ಚು ಬಿಸಿಯಾಗಿದೆಯೋ ಅಷ್ಟಷ್ಟೇ ವೇಗವಾಗಿ ಆರುತ್ತದೆಂಬುದು ಅದರ ಸಾರ. ಕಾಫಿ ಮೊದಲ ಐದು ನಿಮಿಷದಲ್ಲಿ ಬೇಗ ಆರಿ, ಆಮೇಲೆ ಬಹಳ ಹೊತ್ತು ಉಗುರುಬೆಚ್ಚಗಿರುವುದು ಈ ಕಾರಣದಿಂದಲೇ. ಆದರೆ ನ್ಯೂಟನ್ನನ ಲೆಕ್ಕದಲ್ಲಿ ಇಡೀ ವಸ್ತುವಿಗೆ ಒಂದೇ ಉಷ್ಣತೆ. ದಪ್ಪನೆಯ ಗುಂಡೊಂದರ ಹೊರಮೈ ತಣ್ಣಗಾಗಿದ್ದರೂ ಹೊಟ್ಟೆಯೊಳಗೆ ಕೆಂಡದಂತಿರಬಹುದಲ್ಲ. ಒಳಗಿನ ಶಾಖ ಹೊರಮೈಗೆ ಬರಲು ಎಷ್ಟು ಹೊತ್ತು ಬೇಕು? ಅದನ್ನು ಹೇಳುವವರು ಯಾರೂ ಇರಲಿಲ್ಲ.

ಫೂರಿಯೆಯ ವಿಧಾನ ನಮ್ಮಂತಹ ಲೆಕ್ಕಿಗರಿಗೆ ಬಹಳ ಸುಲಭವಾಗಿ ಅರ್ಥವಾಗುತ್ತದೆ. ಕಾದ ಕಬ್ಬಿಣದ ಗುಂಡೊಂದನ್ನು ಹರಿಯುವ ತಣ್ಣೀರಿನಲ್ಲಿ ಮುಳುಗಿಸಿದ್ದೇವೆಂದು ಭಾವಿಸೋಣ. ಆ ಗುಂಡು ಈರುಳ್ಳಿಯಂತೆ ಪದರಪದರವಾಗಿದೆ ಎಂದುಕೊಳ್ಳಿ. ಒಂದೊಂದು ಪದರವೂ ಒಂದೊಂದು ಖಾತೆ. ಒಳಗಿನ ಪದರದಿಂದ ಬಂದ ಶಾಖ ಜಮಾ. ಹೊರಗಿನ ಪದರಕ್ಕೆ ಹೋದ ಶಾಖ ಖರ್ಚು. ಇವೆರಡರ ವ್ಯತ್ಯಾಸವೇ ಆ ಪದರದ ಶಿಲ್ಕನ್ನು ಏರಿಸುತ್ತದೆ ಅಥವಾ ಇಳಿಸುತ್ತದೆ. ಆ ಶಿಲ್ಕೇ ನಮಗೆ ಉಷ್ಣತೆಯಾಗಿ ಕಾಣುತ್ತದೆ. ನೆರೆಯ ಎರಡು ಪದರಗಳ ನಡುವೆ ಉಷ್ಣತೆಯ ಅಂತರ ಹೆಚ್ಚಿದಷ್ಟೂ ಅವುಗಳ ನಡುವೆ ಹರಿಯುವ ಶಾಖವೂ ಹೆಚ್ಚು. ಎಲ್ಲಿಯೂ ಒಂದು ಕಾಸು ಕಳೆಯಬಾರದು, ಎಲ್ಲಿಯೂ ಒಂದು ಕಾಸು ಹೆಚ್ಚಾಗಬಾರದು. ಪ್ರತಿಯೊಂದು ಕ್ಷಣದಲ್ಲಿಯೂ ಪ್ರತಿಯೊಂದು ಪದರದಲ್ಲಿಯೂ ಲೆಕ್ಕ ಸರಿಹೊಂದಬೇಕು. ನಾವು ಸಂಜೆ ಒಮ್ಮೆ ತಾಳೆ ನೋಡಿ ನಿಟ್ಟುಸಿರು ಬಿಡುತ್ತೇವೆ. ಆತನು ಕ್ಷಣಕ್ಷಣಕ್ಕೂ ತಾಳೆಯಾಗುವ ಸಮೀಕರಣವನ್ನೇ ಬರೆದನು.

ಇನ್ನು ಕೊನೆಯ ಪದರ, ಎಂದರೆ ಹೊರಮೈ. ಅಲ್ಲಿ ಶಾಖವನ್ನು ಪಡೆದುಕೊಳ್ಳುವುದು ಮತ್ತೊಂದು ಪದರವಲ್ಲ, ಹರಿಯುವ ನೀರು. ಇಲ್ಲಿ ಫೂರಿಯೆ ಒಂದು ಮುಖ್ಯವಾದ ಭೇದವನ್ನು ಮಾಡಿದನು. ವಸ್ತುವಿನೊಳಗೆ ಶಾಖ ಸಾಗುವ ಸುಲಭತೆ ಒಂದು. ಹೊರಮೈಯಿಂದ ದ್ರವಕ್ಕೆ ದಾಟುವ ಸುಲಭತೆ ಮತ್ತೊಂದು. ಮೊದಲನೆಯದು ವಸ್ತುವಿನ ಗುಣ: ಇಂದಿನ ಮಾನದಲ್ಲಿ ತಾಮ್ರಕ್ಕೆ ಸುಮಾರು 400 ಆದರೆ ಕಬ್ಬಿಣಕ್ಕೆ 80, ನೀರಿಗೆ 0.6, ಗಾಳಿಗೆ 0.026. ಎರಡನೆಯದು ವಸ್ತುವಿನ ಗುಣ ಮಾತ್ರವಲ್ಲ. ಹೊರಗೆ ಇರುವುದು ಗಾಳಿಯೋ ನೀರೋ, ಅದು ನಿಂತಿದೆಯೋ ಹರಿಯುತ್ತಿದೆಯೋ ಎಂಬುದನ್ನೆಲ್ಲ ಅವಲಂಬಿಸಿರುತ್ತದೆ. ಬಿಸಿ ಪಾತ್ರೆಯನ್ನು ನಿಂತ ನೀರಿನಲ್ಲಿಡುವುದಕ್ಕಿಂತ ನಲ್ಲಿಯ ಕೆಳಗೆ ಹಿಡಿದರೆ ಬೇಗ ಆರುವುದನ್ನು ಎಲ್ಲ ಗೃಹಿಣಿಯರೂ ಬಲ್ಲರು. ಹರಿಯುವ ನೀರು ಬಿಸಿಯಾದ ಪದರವನ್ನು ಒಯ್ದು, ಹೊಸ ತಣ್ಣೀರನ್ನು ತಂದೊಡ್ಡುತ್ತದೆ.

ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ, ಖಜಾನೆಯಿಂದ ಕೌಂಟರಿಗೆ ಹಣ ಬರುವುದು ಒಂದು, ಕೌಂಟರಿನಿಂದ ಗಿರಾಕಿಗೆ ಹೋಗುವುದು ಇನ್ನೊಂದು. ತೆಳ್ಳಗಿನ ತಾಮ್ರದ ತಟ್ಟೆ ಗಾಳಿಯಲ್ಲಿ ಆರುವಾಗ ಖಜಾನೆ ಚುರುಕು, ಕ್ಯಾಷಿಯರು ನಿಧಾನ. ಆದುದರಿಂದ ಒಳಗೆಲ್ಲ ಶಿಲ್ಕು ಸಮನಾಗಿರುತ್ತದೆ, ನ್ಯೂಟನ್ನನ ಲೆಕ್ಕವೇ ಸಾಕು. ದಪ್ಪ ಕಬ್ಬಿಣ ಹರಿಯುವ ನೀರಿನಲ್ಲಿ ಆರುವಾಗ ಕ್ಯಾಷಿಯರು ಚುರುಕು, ಖಜಾನೆ ನಿಧಾನ; ಹೊರಮೈ ತಣ್ಣಗಾದರೂ ಒಳಗೆ ಬಿಸಿ ಉಳಿಯುತ್ತದೆ. ಆಗ ದಪ್ಪ ಎರಡರಷ್ಟಾದರೆ ಆರುವ ಕಾಲ ನಾಲ್ಕರಷ್ಟಾಗುತ್ತದೆ. ಗೃಹಿಣಿಯರು ದೊಡ್ಡ ಆಲೂಗಡ್ಡೆಯನ್ನು ಹೆಚ್ಚಿ ಬೇಯಿಸುವುದರ ಮರ್ಮವೂ ಇದೇ.

ಫೂರಿಯೆ ಬರಿಯ ಕಾಗದದ ಮೇಲೆ ಲೆಕ್ಕ ಹಾಕಿ ಸುಮ್ಮನಾಗಲಿಲ್ಲ. ಕಬ್ಬಿಣದ ಬಳೆಯೊಂದನ್ನು ಮಾಡಿಸಿ, ಅಲ್ಲಲ್ಲಿ ತೂತು ಕೊರೆಯಿಸಿ, ಉಷ್ಣಮಾಪಕಗಳನ್ನು ಇಟ್ಟು, ಕಾಯಿಸಿ, ಶಾಖವು ಹೇಗೆ ಹಂಚಿಕೊಳ್ಳುತ್ತದೆಂದು ಅಳೆದು ನೋಡಿದನು. ಒಂದು ಕಡೆ ಹೆಚ್ಚು ಇನ್ನೊಂದು ಕಡೆ ಕಡಿಮೆ ಎಂದಿದ್ದ ಬಿಸಿ ಕ್ರಮೇಣ ಸಮನಾಗುತ್ತ ಬರುತ್ತದೆ. ಎಂತಹ ಅಡ್ಡಾದಿಡ್ಡಿ ಹಂಚಿಕೆಯನ್ನಾದರೂ ಸರಳವಾದ ಅಲೆಗಳ ಮೊತ್ತವಾಗಿ ಬರೆಯಬಹುದೆಂದು ಆತನು ಸಾರಿದನು: ಬಳೆಯ ಸುತ್ತ ಒಂದು ಏರಿಳಿತವಿರುವ ಅಲೆ, ಎರಡಿರುವ ಅಲೆ, ಮೂರಿರುವ ಅಲೆ, ಹೀಗೆ. ಎರಡನೆಯದು ಮೊದಲನೆಯದಕ್ಕಿಂತ ನಾಲ್ಕು ಪಟ್ಟು ಬೇಗ ಅಳಿಯುತ್ತದೆ. ಮೂರನೆಯದು ಒಂಬತ್ತು ಪಟ್ಟು ಬೇಗ. ಚಿಕ್ಕಪುಟ್ಟ ಏರುಪೇರುಗಳು ಮೊದಲು ಮಾಯವಾಗಿ, ದೊಡ್ಡದೊಂದು ಅಲೆ ಕಡೆಗೆ ಉಳಿದು, ಅದೂ ಮೆಲ್ಲಗೆ ಅಡಗುತ್ತದೆ.

1807ರ ಡಿಸೆಂಬರ್ 21ರಂದು ಈ ಸಂಶೋಧನೆಯು ಪ್ಯಾರಿಸಿನ ವಿದ್ವತ್ಸಭೆಯ ಮುಂದೆ ಬಂದಿತು. ಪರೀಕ್ಷಕರು ಲಗ್ರಾಂಜ್, ಲಪ್ಲಾಸ್, ಮೋಂಜ್ ಮತ್ತು ಲಕ್ರ್ವಾ. ಮೊದಲ ಮೂವರು ಆತನ ಗುರುಗಳೇ. ಆದರೆ ಲಗ್ರಾಂಜನಂತಹ ಗುರುವೇ ಆ ಅಲೆಗಳ ಮೊತ್ತವನ್ನು ಒಪ್ಪಲಿಲ್ಲ. ನುಣುಪಾದ ಅಲೆಗಳನ್ನು ಕೂಡಿಸಿದರೆ ಮೂಲೆಯಿರುವ, ಮುರಿದ ಗೆರೆ ಹೇಗೆ ಹುಟ್ಟೀತು ಎಂಬುದು ಆಕ್ಷೇಪ. ಬಿಯೋ ಎಂಬ ಇನ್ನೊಬ್ಬ ವಿಜ್ಞಾನಿ 1804ರಲ್ಲಿ ಈ ವಿಷಯವಾಗಿ ಬರೆದಿದ್ದುದನ್ನು ಫೂರಿಯೆ ಹೆಸರಿಸಲಿಲ್ಲವೆಂಬ ತಕರಾರೂ ಎದ್ದಿತು. ಲೇಖನ ಅಚ್ಚಾಗಲಿಲ್ಲ. ಪ್ಯಾರಿಸಿನಲ್ಲಿದ್ದರೆ ಎದುರು ಕುಳಿತು ವಾದಿಸಬಹುದಾಗಿದ್ದಿತು; ಗ್ರೆನೋಬ್ಲಿನ ಕಚೇರಿಯಿಂದ ಕಾಗದ ಬರೆಯುವುದಷ್ಟೇ ಸಾಧ್ಯ.

ಮುಂದೆ ಆ ಸಭೆಯೇ ಘನವಸ್ತುಗಳಲ್ಲಿ ಶಾಖದ ಪ್ರಸಾರವೆಂಬ ವಿಷಯವನ್ನು 1811ನೆಯ ವರ್ಷದ ಬಹುಮಾನಕ್ಕೆ ಇಟ್ಟಿತು. ಫೂರಿಯೆ ತನ್ನ ಲೇಖನವನ್ನು ತಿದ್ದಿ, ಬೆಳೆಸಿ ಕಳುಹಿಸಿದನು. 1812ರ ಜನವರಿಯಲ್ಲಿ ಬಹುಮಾನ ಆತನಿಗೇ ಬಂದಿತು. ಆದರೆ ಪರೀಕ್ಷಕರ ವರದಿಯಲ್ಲಿ, ಸಾಧನೆಯ ಕ್ರಮದಲ್ಲಿ ಕಟ್ಟುನಿಟ್ಟು ಸಾಲದೆಂಬ ಕೊಂಕು ಸೇರಿಕೊಂಡಿದ್ದಿತು. ಬಹುಮಾನವೇನೋ ಬಂತು; ಲೇಖನ ಈ ಸಲವೂ ಅಚ್ಚಿಗೆ ಹೋಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕೈತೊಳೆದುಕೊಂಡುಬಿಡುತ್ತಿದ್ದರು. ಫೂರಿಯೆ ಹಗಲು ಕಡತಗಳನ್ನು ನೋಡುತ್ತ, ಬಿಡುವಿನಲ್ಲಿ ಅದನ್ನೇ ಪುಸ್ತಕವಾಗಿ ಬೆಳೆಸತೊಡಗಿದನು.

1815ರಲ್ಲಿ ಮತ್ತೊಂದು ಬಿರುಗಾಳಿ. ಎಲ್ಬಾ ದ್ವೀಪದಿಂದ ತಪ್ಪಿಸಿಕೊಂಡು ಬಂದ ನೆಪೋಲಿಯನ್ ಪ್ಯಾರಿಸಿಗೆ ಹೊರಟ ದಾರಿ ಗ್ರೆನೋಬ್ಲಿನ ಮೂಲಕವೇ ಹಾದುಹೋಗಿದ್ದಿತು. ಅಂದು ರಾಜನ ಅಧಿಕಾರಿಯಾಗಿದ್ದ ಫೂರಿಯೆ, ಹಳೆಯ ಒಡೆಯನ ಎದುರು ನಿಲ್ಲಲಾರದೆ ಊರು ಬಿಟ್ಟನು. ನೆಪೋಲಿಯನ್ ಮೊದಲು ಕೋಪಗೊಂಡರೂ ಆಮೇಲೆ ಲಿಯೋನ್ ನಗರವಿರುವ ಜಿಲ್ಲೆಗೆ ಆತನನ್ನು ಅಧಿಕಾರಿಯನ್ನಾಗಿ ಮಾಡಿದನು. ಫೂರಿಯೆ ಸ್ವಲ್ಪ ಕಾಲದಲ್ಲಿಯೇ ಅದನ್ನೂ ಬಿಟ್ಟನು. ನೆಪೋಲಿಯನ್ ವಾಟರ್ಲೂವಿನಲ್ಲಿ ಸೋತ ಮೇಲೆ ಇತ್ತ ರಾಜನಿಗೂ ಬೇಡವಾದವನಾಗಿ, ಕೈಯಲ್ಲಿ ಕಾಸಿಲ್ಲದೆ ಪ್ಯಾರಿಸಿಗೆ ಬಂದನು. ಆಗ ಕೈಹಿಡಿದವನು ಹಳೆಯ ಶಿಷ್ಯ, ಪ್ಯಾರಿಸ್ ಇದ್ದ ಸೇನ್ ಜಿಲ್ಲೆಯ ಅಧಿಕಾರಿ ಶಾಬ್ರೋಲ್. ತನ್ನ ಕೈಕೆಳಗಿನ ಅಂಕಿಅಂಶಗಳ ಕಚೇರಿಯನ್ನು ಗುರುವಿಗೆ ಒಪ್ಪಿಸಿದನು. ಹೀಗೆ ಜಗತ್ತಿನ ಮಹಾಗಣಿತಜ್ಞನೊಬ್ಬನು ನಮ್ಮಂತೆಯೇ ಅಂಕಿಗಳ ಪಟ್ಟಿ ಮಾಡುವ ಕೆಲಸದಿಂದ ಅನ್ನ ಉಂಡನು. 1816ರಲ್ಲಿ ವಿಜ್ಞಾನ ಅಕಾಡೆಮಿಯು ಆತನನ್ನು ಸದಸ್ಯನಾಗಿ ಚುನಾಯಿಸಿತು. ರಾಜನು ಒಪ್ಪಿಗೆ ಕೊಡಲಿಲ್ಲ. 1817ರಲ್ಲಿ ಮತ್ತೆ ಚುನಾಯಿಸಿತು. ಈ ಸಲ ಒಪ್ಪಿಗೆ ಸಿಕ್ಕಿತು.

ಕಡೆಗೆ 1822ರಲ್ಲಿ, ಮೊದಲ ಲೇಖನ ಸಭೆಯ ಮುಂದೆ ಬಂದು ಹದಿನೈದು ವರ್ಷಗಳಾಗುತ್ತ ಬಂದಾಗ, ಶಾಖದ ವಿಶ್ಲೇಷಣಾತ್ಮಕ ಸಿದ್ಧಾಂತವೆಂಬ ಆತನ ಮಹಾಗ್ರಂಥ ಹೊರಬಿದ್ದಿತು. ಅದೇ ವರ್ಷ ಆತನು ಅಕಾಡೆಮಿಯ ಖಾಯಂ ಕಾರ್ಯದರ್ಶಿಯೂ ಆದನು. ಆ ಬಳಿಕವೇ ಬಹುಮಾನದ ಹಳೆಯ ಲೇಖನವೂ ಅಕಾಡೆಮಿಯ ಸಂಪುಟಗಳಲ್ಲಿ ಬೆಳಕು ಕಂಡಿತು. ಗುರುಗಳು ಬಯಸಿದ್ದ ಕಟ್ಟುನಿಟ್ಟನ್ನು, ಫೂರಿಯೆಯನ್ನು ಬಲ್ಲ ಡಿರಿಕ್ಲೆ ಎಂಬ ತರುಣನು 1829ರಲ್ಲಿ ಒದಗಿಸಿದನು. ಆ ಅಲೆಗಳ ಮೊತ್ತ ಯಾವಾಗ ಸರಿಯಾಗಿ ಕೂಡಿಬರುತ್ತದೆಂಬುದಕ್ಕೆ ಸಾಧನೆ ಸಿಕ್ಕಿತು; ಫೂರಿಯೆ ಅದನ್ನು ಕಾಣುವಷ್ಟು ಬದುಕಿದ್ದನು.

ಭೂಮಿಯೂ ಆತನ ಕಣ್ಣಿಗೆ ಒಂದು ಆರುವ ಗುಂಡೇ. 1824ರಲ್ಲಿ ಭೂಮಿಯ ಉಷ್ಣತೆಯನ್ನು ಕುರಿತು ಬರೆಯುತ್ತ, ಸೂರ್ಯನ ಬೆಳಕು ವಾತಾವರಣವನ್ನು ಸುಲಭವಾಗಿ ದಾಟಿ ಒಳಗೆ ಬರುವುದೆಂದೂ, ನೆಲದಿಂದ ಹೊರಡುವ ಕಾಣದ ಶಾಖವು ಅಷ್ಟು ಸುಲಭವಾಗಿ ಹೊರಗೆ ಹೋಗಲಾರದೆಂದೂ ಹೇಳಿದನು. ಇಂದು ಲೋಕವೆಲ್ಲ ಚಿಂತಿಸುತ್ತಿರುವ ಭೂತಾಪದ ಮಾತಿಗೆ ಬೀಜ ಅಲ್ಲಿದೆ. ಹರಿಯುವ ದ್ರವದೊಳಗೆ ಶಾಖ ಹೇಗೆ ಸಾಗುತ್ತದೆಂಬುದಕ್ಕೂ 1820ರಲ್ಲಿಯೇ ಸಮೀಕರಣ ಬರೆದಿದ್ದನು. ಆದರೆ ಅದನ್ನು ಬಿಡಿಸಲು ದ್ರವದ ಚಲನೆಯೇ ಚೆನ್ನಾಗಿ ತಿಳಿದಿರಬೇಕು. ಮೈಗಂಟಿಕೊಂಡು ನಿಧಾನವಾಗಿ ಸಾಗುವ ತೆಳುಪದರದ ಗುಟ್ಟನ್ನು ಜರ್ಮನಿಯ ಪ್ರಾಂಟ್ಲ್ 1904ರಲ್ಲಿ ಬಿಡಿಸಿದ ಮೇಲೆ ಆ ದಾರಿ ತೆರೆಯಿತು.

ಕೊನೆಯ ವರ್ಷಗಳಲ್ಲಿ ಆತನ ಆರೋಗ್ಯ ಕೆಟ್ಟಿತು. ಬೇಸಿಗೆಯಲ್ಲಿಯೂ ಚಳಿಯೆನ್ನುತ್ತ ಬೆಚ್ಚನೆಯ ಬಟ್ಟೆಗಳಲ್ಲಿ ಸುತ್ತಿಕೊಂಡಿರುತ್ತಿದ್ದನು. ಲೋಕಕ್ಕೆಲ್ಲ ಶಾಖದ ಲೆಕ್ಕ ಬರೆದುಕೊಟ್ಟವನಿಗೆ ತನ್ನ ಮೈಯ ಶಾಖ ಸಾಲದೆ ಹೋಯಿತು. 1830ರ ಮೇ ತಿಂಗಳಲ್ಲಿ ಮೆಟ್ಟಿಲಿನಿಂದ ಬಿದ್ದನು. ಅದೇ ಮೇ 16ರಂದು ಅರುವತ್ತೆರಡನೆಯ ವಯಸ್ಸಿನಲ್ಲಿ ಕಣ್ಣುಮುಚ್ಚಿದನು. ಮದುವೆಯಾಗಿರಲಿಲ್ಲ. ಪ್ಯಾರಿಸಿನ ಐಫೆಲ್ ಗೋಪುರದ ಮೇಲೆ ಕೆತ್ತಿದ 72 ಹೆಸರುಗಳಲ್ಲಿ ಆತನದೂ ಒಂದು. ಹುಟ್ಟೂರಿನವರು 1849ರಲ್ಲಿ ಆತನ ಕಂಚಿನ ಪ್ರತಿಮೆ ನಿಲ್ಲಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹಕ್ಕಾಗಿ ಅದನ್ನು ಕರಗಿಸಿಬಿಟ್ಟರು. ಪ್ರತಿಮೆ ಕರಗಿತು, ಸಮೀಕರಣ ಕರಗಲಿಲ್ಲ.

ಇಂದು ಇಂಜಿನಿಯರುಗಳು ಕಾದ ವಸ್ತುವನ್ನು ತಣಿಸುವ ಲೆಕ್ಕ ಹಾಕುವಾಗ ಎರಡು ಸಂಖ್ಯೆಗಳನ್ನು ಬಳಸುತ್ತಾರೆ. ಒಳಗಿನ ತಡೆ ಹೆಚ್ಚೋ ಹೊರಮೈಯ ತಡೆ ಹೆಚ್ಚೋ ಎಂದು ಹೇಳುವುದು ಒಂದು, ಅದು 0.1ಕ್ಕಿಂತ ಕಡಿಮೆಯಿದ್ದರೆ ಇಡೀ ವಸ್ತುವಿಗೆ ಒಂದೇ ಉಷ್ಣತೆ ಎಂದು ಹಿಡಿಯಬಹುದು. ಇದರ ಹೆಸರು ಬಿಯೋ ಸಂಖ್ಯೆ. ಆರಲು ಬೇಕಾಗುವ ಕಾಲವನ್ನು ಅಳೆಯುವುದು ಮತ್ತೊಂದು. ಅದರ ಹೆಸರು ಫೂರಿಯೆ ಸಂಖ್ಯೆ. ಯಾವ ಬಿಯೋನ ಹೆಸರು ಹೇಳಲಿಲ್ಲವೆಂದು ತಕರಾರು ಎದ್ದಿತ್ತೋ, ಅವರಿಬ್ಬರ ಹೆಸರುಗಳೂ ಈಗ ಒಂದೇ ಪುಟದಲ್ಲಿ ಪಕ್ಕಪಕ್ಕದಲ್ಲಿ ಕುಳಿತಿವೆ. ಕಾಲವು ಬಿಸಿಯನ್ನು ಮಾತ್ರವಲ್ಲ, ಜಗಳಗಳನ್ನೂ ಆರಿಸುತ್ತದೆ.

ಇದು ಬರಿಯ ಪುಸ್ತಕದ ಬದನೆಕಾಯಿಯಲ್ಲ. ಅಣುಸ್ಥಾವರವನ್ನು ನಿಲ್ಲಿಸಿದ ಕೂಡಲೇ ಅದರ ಶಾಖ ನಿಲ್ಲುವುದಿಲ್ಲ; ಮೊದಲ ಕ್ಷಣದಲ್ಲಿ ಪೂರ್ಣ ಬಲದ ಶೇಕಡ 6ರಷ್ಟಾದರೂ ಉಳಿದು ನಿಧಾನವಾಗಿ ಇಳಿಯುತ್ತದೆ. ಅದನ್ನು ಒಯ್ಯಲು ದ್ರವವು ಹರಿಯುತ್ತಲೇ ಇರಬೇಕು. 2011ರ ಮಾರ್ಚಿಯಲ್ಲಿ ಜಪಾನಿನ ಫುಕುಷಿಮಾದಲ್ಲಿ ಸುನಾಮಿಯಿಂದ ವಿದ್ಯುತ್ ಹೋಗಿ ಆ ಹರಿವು ನಿಂತುದರಿಂದಲೇ ಇಂಧನ ಕರಗಿ ಅನರ್ಥವಾಯಿತು. ನಮ್ಮ ಉತ್ತರ ಕನ್ನಡದ ಕೈಗಾ ಸ್ಥಾವರದಲ್ಲಿಯೂ ಇಂಧನದ ಮೈಯಿಂದ ಹರಿಯುವ ಭಾರಜಲವೇ ಶಾಖವನ್ನು ಒಯ್ಯುತ್ತದೆ.

ಇನ್ನು ನಮ್ಮ ಮಗಳ ಪ್ರಶ್ನೆ. 1756ರಲ್ಲಿಯೇ ಜರ್ಮನಿಯ ಲೈಡನ್‌ಫ್ರಾಸ್ಟ್ ಎಂಬ ವೈದ್ಯನು ಅದನ್ನು ವರ್ಣಿಸಿದ್ದನು. ಕಾವಲಿ ಮಿತಿಮೀರಿ ಕಾದಾಗ, ಹನಿಯ ತಳದ ನೀರು ಮುಟ್ಟಿದೊಡನೆಯೇ ಆವಿಯಾಗಿ ಮೆತ್ತೆಯಂತೆ ಹನಿಯನ್ನು ಎತ್ತಿ ಹಿಡಿಯುತ್ತದೆ. ಆವಿಯು ನೀರಿಗಿಂತ ಇಪ್ಪತ್ತು ಪಟ್ಟಿಗೂ ಮೀರಿ ಶಾಖಕ್ಕೆ ತಡೆಯೊಡ್ಡುತ್ತದೆ. ಕ್ಯಾಷಿಯರು ಕೌಂಟರಿನ ಕಿಟಕಿಯನ್ನೇ ಮುಚ್ಚಿದಂತೆ. ಆದುದರಿಂದ ಹನಿ ಆರುವುದು ತಡ. ಕಮ್ಮಾರನು ಕೆಂಪಗೆ ಕಾದ ಕುಡುಗೋಲನ್ನು ನೀರಿಗೆ ಅದ್ದಿದಾಗಲೂ ಮೊದಲು ಇದೇ ಆವಿಯ ಹೊದಿಕೆ ಕಬ್ಬಿಣವನ್ನು ಸುತ್ತುತ್ತದೆ. ಅದು ಹರಿದ ಮೇಲೆ ಭೋರೆಂದು ಕುದಿದು ಬೇಗ ತಣಿಯುತ್ತದೆ. ಕುದಿತ ನಿಂತ ಮೇಲೆ ಮತ್ತೆ ನಿಧಾನ. ಅವನು ಕಬ್ಬಿಣವನ್ನು ನೀರಿನಲ್ಲಿ ಆಡಿಸುವುದು ಆ ಹೊದಿಕೆಯನ್ನು ಹರಿಯಲೆಂದೇ. ಈ ಹಂತಗಳನ್ನು ಜಪಾನಿನ ನುಕಿಯಾಮಾ 1934ರಲ್ಲಿ ಅಳೆದು ತೋರಿಸಿದನು.

ಕಡೆಯದಾಗಿ ನಮ್ಮ ನಾಚಿಕೆಯ ಮಾತು. ಕಾಲೇಜಿನಲ್ಲಿದ್ದಾಗ ನಾವು ಕನ್ನಡದಲ್ಲಿ ಕತೆ, ಲೇಖನಗಳನ್ನು ಬರೆಯುತ್ತಿದ್ದೆವು. ಎರಡು ಕತೆಗಳು ಹಿಂದಿರುಗಿ ಬಂದವು. ಆಮೇಲೆ ನೌಕರಿ, ಪರವೂರು, ಲೋಕಲ್ ರೈಲಿನ ನೂಕುನುಗ್ಗಲು; ಬರೆಯಲು ಹೊತ್ತಿಲ್ಲವೆಂದು ಹೇಳುತ್ತ ಹನ್ನೊಂದು ವರ್ಷ ಕಳೆದೆವು. ಒಂದು ಜಿಲ್ಲೆಯನ್ನೇ ಆಳುತ್ತ, ಜೌಗು ಬಸಿಯಿಸುತ್ತ, ರಸ್ತೆ ಹಾಕಿಸುತ್ತ, ಪಂಡಿತರಿಂದ ಎರಡೆರಡು ಸಲ ಕೊಂಕು ಕೇಳುತ್ತ, ಆ ಮಹಾಶಯನು ಹೊತ್ತು ಎಲ್ಲಿಂದ ತಂದನು? ಆತನ 1807ರ ಮೂಲ ಲೇಖನ ಪೂರ್ಣವಾಗಿ ಅಚ್ಚಾದುದು 1972ರಲ್ಲಿ. ಎಂದರೆ 165 ವರ್ಷಗಳ ಮೇಲೆ. ನಮ್ಮ ಸಂಘದ ಕಾರ್ಯದರ್ಶಿಗಳು ಈ ಲೇಖನವನ್ನು ನವೆಂಬರ್ ಒಂದಕ್ಕೇ ಅಚ್ಚು ಹಾಕಿಸುವುದಾಗಿ ಮಾತು ಕೊಟ್ಟಿದ್ದಾರೆ. ಇದಕ್ಕಿಂತ ಅದೃಷ್ಟವುಂಟೆ?

ಊರು ಬಿಟ್ಟು ಬಂದ ನಮ್ಮಲ್ಲಿ ಎಷ್ಟೋ ಮಂದಿ ಹಾಡುವುದನ್ನು, ಬಣ್ಣ ಹಚ್ಚುವುದನ್ನು, ಬರೆಯುವುದನ್ನು ಊರಿನಲ್ಲಿಯೇ ಬಿಟ್ಟು ಬಂದಿದ್ದೇವೆ. ಮೇಲೆ ತಣ್ಣಗಾಗಿ ಕಂಡರೂ ದಪ್ಪನೆಯ ಗುಂಡಿನೊಳಗೆ ಬಿಸಿ ಬಹಳ ಕಾಲ ಉಳಿದಿರುತ್ತದೆಂದು ಫೂರಿಯೆ ಲೆಕ್ಕ ಹಾಕಿ ತೋರಿಸಿದ್ದಾನೆ. ಮುಂದಿನ ವರ್ಷದ ಸಂಚಿಕೆಯಲ್ಲಿ ಆ ಬಂಧುಗಳ ಹೆಸರುಗಳನ್ನೂ ಕಾಣಬೇಕೆಂಬುದು ನಮ್ಮ ಆಸೆ. ಸಕಲ ಕನ್ನಡ ಬಾಂಧವರಿಗೂ ರಾಜ್ಯೋತ್ಸವದ ಶುಭಾಶಯಗಳು.